ಹೂವಿನ ಬೆಳೆಗಳ ಕೀಟ ಮತ್ತು ರೋಗಗಳು: ಗುರುತಿಸುವುದು ಹೇಗೆ?

ಹೂವು ದಿನದ ಬೆಳೆ. ರಾಗಿಯನ್ನು ಒಕ್ಕಿ, ಚೀಲ ತುಂಬಿ, ಒಳ್ಳೆಯ ಧಾರಣೆ ಬರುವವರೆಗೆ ಕಾಯಬಹುದು. ಬೆಳಗಿನ ಜಾವ ಬಿಡಿಸಿದ ಮಲ್ಲಿಗೆ ಮೊಗ್ಗು ಅಂದೇ ಮಾರುಕಟ್ಟೆ ಸೇರಬೇಕು. ವರಮಹಾಲಕ್ಷ್ಮಿ ಹಬ್ಬ, ಗೌರಿ-ಗಣೇಶ, ಆಯುಧಪೂಜೆ, ದೀಪಾವಳಿ ದಿನಗಳ ಧಾರಣೆಯನ್ನು ನಂಬಿ ಸೇವಂತಿಗೆ, ಚೆಂಡುಹೂ ನೆಟ್ಟ ರೈತನಿಗೆ ಹಬ್ಬ ಇನ್ನು 15 ದಿನ ಇರುವಾಗ ಗಿಡ ಕೆಟ್ಟಿತೆಂದರೆ ಇಡೀ ಹಂಗಾಮಿನ ದುಡಿಮೆ ಹೋದಂತೆಯೇ. ಹೀಗಾಗಿ ಎಲೆಯ ಮೇಲೆ ಒಂದು ಚುಕ್ಕೆ ಕಂಡೊಡನೆ ಅಂಗಡಿಗೆ ಓಡಿ, ಕೊಟ್ಟ ಔಷಧಿಯನ್ನು ತಂದು ಸಿಂಪಡಿಸುವ ಆತುರ ಸಹಜವಾದದ್ದು. ಆದರೆ ಹೂವಿನ ತೋಟಗಳಲ್ಲಿ ಆಗುವ ನಷ್ಟದಲ್ಲಿ ಈ ಆತುರದ ಪಾಲೂ ಇದೆ.

ಇದಕ್ಕೆ ಮೂರು ಕಾರಣಗಳಿವೆ. ಮೊದಲನೆಯದು, ಶಿಲೀಂಧ್ರಕ್ಕೆ ಹಾಕುವ ಔಷಧಿಯಿಂದ ಹುಳು ಸಾಯುವುದಿಲ್ಲ. ಹುಳುವಿಗೆ ಹಾಕುವ ಔಷಧಿಯಿಂದ ರೋಗ ನಿಲ್ಲುವುದಿಲ್ಲ. ತಪ್ಪು ಔಷಧಿಯಿಂದ ಹಣದ ಜೊತೆಗೆ ಅಮೂಲ್ಯವಾದ ಒಂದು ವಾರವೂ ಹೋಗುತ್ತದೆ. ಎರಡನೆಯದು, ನುಸಿಯು ಕೀಟವಲ್ಲ. ಎಂಟು ಕಾಲುಗಳುಳ್ಳ ಜೇಡನ ಬಳಗದ ಜೀವಿ. ಅನೇಕ ಕೀಟನಾಶಕಗಳು ಅದಕ್ಕೆ ನಾಟುವುದಿಲ್ಲ, ಬದಲಿಗೆ ಅದನ್ನು ತಿನ್ನುವ ಉಪಕಾರಿ ಜೀವಿಗಳನ್ನು ಕೊಲ್ಲುತ್ತವೆ. ಸಿಂಪಡಿಸಿದ ಮೇಲೆ ನುಸಿ ಇನ್ನೂ ಹೆಚ್ಚಾಯಿತೆಂದು ರೈತರು ಹೇಳುವುದು ಈ ಕಾರಣದಿಂದಲೇ. ಮೂರನೆಯದು, ಹೂವನ್ನು ದಿನವೂ ಬಿಡಿಸುತ್ತೇವೆ. ಸಿಂಪರಣೆಗೂ ಕೊಯ್ಲಿಗೂ ನಡುವೆ ಬಿಡಬೇಕಾದ ಅವಧಿಯನ್ನು ಬಿಡಲು ಇಲ್ಲಿ ಅವಕಾಶ ಬಹಳ ಕಡಿಮೆ. ಬಿಡಿಸುವ ಹೆಂಗಸರ ಕೈ, ಮನೆಯಲ್ಲಿ ಕುಳಿತು ಕಟ್ಟುವವರ ಬೆರಳು, ಮುಡಿದವರ ತಲೆ, ಎಲ್ಲವನ್ನೂ ಆ ಔಷಧಿ ತಲುಪುತ್ತದೆ.

ಆದುದರಿಂದ ಮೊದಲು ಗುರುತು, ಆಮೇಲೆ ಔಷಧಿ. ಗುರುತಿಸಲು ಪ್ರಯೋಗಾಲಯವೇ ಬೇಕೆಂದಿಲ್ಲ. ಗಿಡದ ಯಾವ ಭಾಗ ಕೆಟ್ಟಿದೆ, ಹೇಗೆ ಕೆಟ್ಟಿದೆ ಎಂಬುದನ್ನು ಕ್ರಮವಾಗಿ ನೋಡಿದರೆ ಬಹುತೇಕ ಪೀಡೆಗಳನ್ನು ತೋಟದಲ್ಲಿಯೇ ತಿಳಿಯಬಹುದು.

ನೋಡುವ ಕ್ರಮ

ತೋಟವನ್ನು ನೋಡಲು ಬೆಳಗಿನ ಹೊತ್ತು ಒಳ್ಳೆಯದು. ಬಿಸಿಲೇರಿದ ಮೇಲೆ ಆರೋಗ್ಯವಾದ ಗಿಡವೂ ಸ್ವಲ್ಪ ಬಾಡಿದಂತೆ ಕಾಣಬಹುದು. ಕೈಯಲ್ಲಿ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಒಂದು ಭೂತಗನ್ನಡಿ, ಒಂದು ಬಿಳಿಯ ಕಾಗದ, ಹರಿತವಾದ ಚಾಕು, ಒಂದು ಗಾಜಿನ ಲೋಟದಲ್ಲಿ ತಿಳಿನೀರು ಇದ್ದರೆ ಸಾಕು.

ಮೊದಲು ದೂರದಿಂದ ಇಡೀ ತಾಕನ್ನು ನೋಡಬೇಕು. ತಾಕಿನ ಎಲ್ಲ ಗಿಡಗಳೂ ಒಂದೇ ರೀತಿ ಹಳದಿಯಾಗಿದ್ದರೆ ಗೊಬ್ಬರ, ನೀರು ಅಥವಾ ಮಣ್ಣಿನ ದೋಷವಿರಬಹುದು. ಅಲ್ಲಲ್ಲಿ ಗುಂಪು ಗುಂಪಾಗಿ ಗಿಡ ಕೆಟ್ಟು, ಆ ಗುಂಪು ದಿನದಿನಕ್ಕೆ ಹರಡುತ್ತಿದ್ದರೆ ಬೇರಿನ ರೋಗವನ್ನಾಗಲಿ ಜಂತುಹುಳುವನ್ನಾಗಲಿ ಸಂಶಯಿಸಬೇಕು. ಧೂಳೇಳುವ ರಸ್ತೆಯ ಪಕ್ಕದ ಸಾಲುಗಳಿಂದ ಬಾಧೆ ಆರಂಭವಾಗಿದ್ದರೆ ನುಸಿ ಇರುವ ಸಂಭವ ಹೆಚ್ಚು.

ಅನಂತರ ಒಂದೊಂದೇ ಗಿಡದ ಹತ್ತಿರ ಹೋಗಬೇಕು. ಬಾಧೆ ಮೊದಲು ಕಂಡದ್ದು ಚಿಗುರಿನಲ್ಲೋ, ಕೆಳಗಿನ ಎಲೆಗಳಲ್ಲೋ? ಎಲೆಯ ಮೇಲುಭಾಗದಲ್ಲೋ, ಅಡಿಭಾಗದಲ್ಲೋ? ಕಚ್ಚಿದ ಗುರುತು, ಹಿಕ್ಕೆ, ನೂಲು ಇವೆಯೋ? ಹಿಕ್ಕೆ ಮತ್ತು ನೂಲು ಇದ್ದಲ್ಲಿ ಹುಳು ಇತ್ತೆಂದೇ ತಿಳಿಯಬೇಕು. ಉಂಗುರದಂತಹ ಅಂಚುಳ್ಳ ಚುಕ್ಕೆಗಳು ಮಳೆಯ ನಂತರ ಕೆಳಗಿನ ಎಲೆಗಳಿಂದ ಮೇಲಕ್ಕೆ ಏರುತ್ತಿದ್ದರೆ ಅದು ಸಾಮಾನ್ಯವಾಗಿ ಶಿಲೀಂಧ್ರ ರೋಗ.

ಮೊಗ್ಗು ಮತ್ತು ಹೂವು

ಮಲ್ಲಿಗೆ ಬೆಳೆಯುವವರು ಹೆಚ್ಚಾಗಿ ಎಡವುವುದು ಇಲ್ಲಿ. ಮಲ್ಲಿಗೆ ಮೊಗ್ಗು ನೇರಳೆ ಬಣ್ಣಕ್ಕೆ ತಿರುಗಿ ಉದುರಿದರೆ ಅದಕ್ಕೆ ಎರಡು ಬೇರೆ ಬೇರೆ ಕೀಟಗಳು ಕಾರಣವಾಗಿರಬಹುದು. ಒಂದು ಮೊಗ್ಗು ಕೊರೆಯುವ ಹುಳು, ಇನ್ನೊಂದು ಮೊಗ್ಗಿನ ನೊಣ. ಮೇಲುನೋಟಕ್ಕೆ ಎರಡರ ಬಾಧೆಯೂ ಒಂದೇ ತೆರನಾಗಿ ಕಂಡರೂ ಹತೋಟಿಯ ದಾರಿ ಬೇರೆ.

ಮೊಗ್ಗು ಕೊರೆಯುವ ಹುಳು ಚಿಕ್ಕ ಪತಂಗವೊಂದರ ಮರಿ. ಹಸಿರು ಮೈ, ಕಪ್ಪು ತಲೆ. ಎಳೆಯ ಮೊಗ್ಗನ್ನು ಕೊರೆದು ಒಳಗಿನ ಭಾಗಗಳನ್ನು ತಿಂದು ಟೊಳ್ಳು ಮಾಡುತ್ತದೆ. ಒಂದೇ ಹುಳು ಒಂದು ಮೊಗ್ಗಿನಿಂದ ಇನ್ನೊಂದಕ್ಕೆ ಹೋಗುತ್ತಾ ಹಲವು ಮೊಗ್ಗುಗಳನ್ನು ಹಾಳುಮಾಡುತ್ತದೆ. ಬಾಧೆ ಹೆಚ್ಚಾದಾಗ ಗೊಂಚಲಿನ ಮೊಗ್ಗುಗಳನ್ನು ನೂಲಿನಿಂದ ಒಂದಕ್ಕೊಂದು ಹೆಣೆಯುತ್ತದೆ. ಮೊಗ್ಗಿನ ಮೇಲೆ ದುಂಡಾದ ಸಣ್ಣ ರಂಧ್ರ ಕಾಣುವುದೇ ಇದರ ಗುರುತು.

ಮೊಗ್ಗಿನ ನೊಣ ಸೊಳ್ಳೆಯಂತಹ ಅತಿ ಸಣ್ಣ ಕೀಟ. ಇದರ ಕಾಲಿಲ್ಲದ ಬಿಳಿಯ ಮರಿಗಳು ಮೊಗ್ಗಿನ ಬುಡದೊಳಗೆ ಸೇರಿ ರಸ ಹೀರುತ್ತವೆ. ಮೊಗ್ಗಿನ ಬುಡ ಊದಿಕೊಂಡು, ತೊಟ್ಟು ದಪ್ಪವಾಗಿ, ಮೊಗ್ಗು ಅರಳದೆ ಉದುರುತ್ತದೆ. ಆದರೆ ಹೊರಗೆ ರಂಧ್ರವಿರುವುದಿಲ್ಲ. ಮೊಗ್ಗನ್ನು ಉಗುರಿನಿಂದ ಸೀಳಿ ಭೂತಗನ್ನಡಿಯಲ್ಲಿ ನೋಡಿದರೆ ಸಂಶಯ ತೀರುತ್ತದೆ. ಕಪ್ಪು ತಲೆಯ ಒಂದು ಹುಳು ಇದ್ದರೆ ಕೊರೆಯುವ ಹುಳು. ತಲೆಯೇ ಕಾಣದ ಸಣ್ಣ ಬಿಳಿ ಮರಿಗಳು ಹಲವಿದ್ದರೆ ಮೊಗ್ಗಿನ ನೊಣ.

ಈ ವ್ಯತ್ಯಾಸ ಏಕೆ ಮುಖ್ಯವೆಂದರೆ, ನೊಣದ ಮರಿಗಳು ಬೆಳೆದ ಮೇಲೆ ಮಣ್ಣಿಗೆ ಬಿದ್ದು ಅಲ್ಲಿ ಕೋಶಾವಸ್ಥೆಯನ್ನು ಕಳೆಯುತ್ತವೆ. ಆದ್ದರಿಂದ ಗಿಡದ ಮೇಲೆ ಎಷ್ಟು ಸಿಂಪಡಿಸಿದರೂ ಬುಡದ ಮಣ್ಣಿನಿಂದ ಹೊಸ ನೊಣಗಳು ಏಳುತ್ತಲೇ ಇರುತ್ತವೆ. ಉದುರಿದ ಮೊಗ್ಗುಗಳನ್ನು ದಿನವೂ ಗುಡಿಸಿ ಸುಡುವುದು, ಬುಡದ ಮೇಲ್ಮಣ್ಣನ್ನು ಆಗಾಗ ಕೆದಕಿ ಬಿಸಿಲಿಗೆ ಒಡ್ಡುವುದು, ಬೇವಿನ ಹಿಂಡಿಯನ್ನು ಮಣ್ಣಿಗೆ ಸೇರಿಸುವುದು ಇಲ್ಲಿ ಮುಖ್ಯ ಕ್ರಮಗಳು. ಕೊರೆಯುವ ಹುಳುವಿಗಾದರೆ ನೂಲು ಕಟ್ಟಿದ ಗೊಂಚಲುಗಳನ್ನು ಕಿತ್ತು ನಾಶಪಡಿಸಿ, ಎಳೆಯ ಮೊಗ್ಗು ಕಾಣುವಾಗಲೇ ಶೇಕಡ 5ರ ಬೇವಿನ ಬೀಜದ ಕಷಾಯವನ್ನು ಸಿಂಪಡಿಸಬೇಕು.

ಗುಲಾಬಿಯಲ್ಲಿ ಮೊಗ್ಗು ಸರಿಯಾಗಿ ಅರಳದೆ, ದಳಗಳ ಅಂಚು ಸುಟ್ಟಂತೆ ಕಂದು ಬಣ್ಣಕ್ಕೆ ತಿರುಗಿದ್ದರೆ ಥ್ರಿಪ್ಸ್ ಇರಬಹುದು. ಬಿಳಿ ಕಾಗದದ ಮೇಲೆ ಹೂವನ್ನು ಎರಡು-ಮೂರು ಸಲ ತಟ್ಟಿರಿ. ಒಂದೆರಡು ಮಿಲಿಮೀಟರ್ ಉದ್ದದ, ಎಳ್ಳಿಗಿಂತ ಸಪೂರವಾದ ಹಳದಿ ಅಥವಾ ಕಂದು ಕೀಟಗಳು ಬಿದ್ದು ಸರಸರನೆ ಓಡಿದರೆ ಅವೇ ಥ್ರಿಪ್ಸ್. ಏನೂ ಬೀಳದಿದ್ದರೆ ಬಿಸಿಗಾಳಿಯಿಂದಲೋ ನೀರಿನ ಕೊರತೆಯಿಂದಲೋ ದಳ ಸುಟ್ಟಿರಬಹುದು.

ಚೆಂಡುಹೂ ಮತ್ತು ಸೇವಂತಿಗೆಯಲ್ಲಿ ಮೊಗ್ಗಿಗೆ ತೂತು ಮಾಡಿ, ಅರ್ಧ ಮೈ ಹೊರಗಿಟ್ಟು ತಿನ್ನುವ ಹುಳು ಕಾಯಿಕೊರಕ. ತೊಗರಿ, ಕಡಲೆ, ಟೊಮ್ಯಾಟೊ ಬೆಳೆಗಳನ್ನು ಕಾಡುವುದೂ ಇದೇ. ಟೊಮ್ಯಾಟೊ ತಾಕಿನ ಅಂಚಿಗೆ ಒಂದು ಸಾಲು ಚೆಂಡುಹೂ ಹಾಕುವುದು ಇದನ್ನು ಆಕರ್ಷಿಸಿ ಹಿಡಿಯುವುದಕ್ಕಾಗಿಯೇ. ಹಾಗೆ ಹಾಕಿದಲ್ಲಿ ಹೂವಿನ ಮೇಲಿನ ಮೊಟ್ಟೆ-ಹುಳುಗಳನ್ನು ಆರಿಸಿ ತೆಗೆಯುವುದನ್ನು ಮರೆಯಬಾರದು.

ಎಲೆಯ ಮೇಲಿನ ಬಿಳುಪು

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ಹೂವಿನ ತೋಟಕ್ಕೂ ಹೊಂದುತ್ತದೆ. ಎಲೆಯ ಮೇಲಿನ ಬಿಳುಪಿಗೆ ಮೂರು ಬೇರೆ ಬೇರೆ ಕಾರಣಗಳಿರಬಹುದು. ಬೆರಳಿನಿಂದ ಒರೆಸಿ ನೋಡಿದರೆ ತಿಳಿಯುತ್ತದೆ.

ಒರೆಸಿದಾಗ ಬೂದಿಯಂತಹ ಪುಡಿ ಬೆರಳಿಗೆ ಅಂಟಿದರೆ ಅದು ಬೂದಿರೋಗ. ಗುಲಾಬಿಯ ಎಳೆ ಎಲೆ, ಮೊಗ್ಗು, ತೊಟ್ಟುಗಳ ಮೇಲೆ ಹೆಚ್ಚಾಗಿ ಬರುತ್ತದೆ. ಎಲೆಗಳು ಮುದುರುತ್ತವೆ. ಹಗಲು ಒಣ ಹವೆ, ರಾತ್ರಿ ತಂಪು ಇರುವ ನವೆಂಬರಿನಿಂದ ಫೆಬ್ರವರಿಯವರೆಗಿನ ದಿನಗಳಲ್ಲಿ ಇದರ ಹಾವಳಿ ಹೆಚ್ಚು.

ಒರೆಸಿದರೂ ಹೋಗದೆ, ಕಂಬಳಿಯ ನವಿರಿನಂತೆ ಎಲೆಗೇ ಅಂಟಿಕೊಂಡ ಬಿಳಿಯ ರೋಮದಂತಹ ಬೆಳವಣಿಗೆ ಮಲ್ಲಿಗೆಯ ಎಲೆ, ಎಳೆಯ ಕಾಂಡ, ಮೊಗ್ಗುಗಳ ಮೇಲೆ ಕಂಡರೆ ಅದು ಬೂಷ್ಟಲ್ಲ. ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಒಂದು ನುಸಿ ಕೆರಳಿಸಿದ್ದರಿಂದ ಗಿಡವೇ ಬೆಳೆಸಿದ ರೋಮ ಅದು. ಇದಕ್ಕೆ ತಾಮ್ರದ ಔಷಧಿ ಹೊಡೆದು ಪ್ರಯೋಜನವಿಲ್ಲ. ಬಾಧೆಗೊಂಡ ರೆಂಬೆಗಳನ್ನು ಕತ್ತರಿಸಿ ಸುಟ್ಟು, ಉಳಿದ ಗಿಡಕ್ಕೆ ಗಂಧಕ ಸಿಂಪಡಿಸಬೇಕು.

ಒರೆಸಿದಾಗ ಹತ್ತಿಯಂತಹ ಗಡ್ಡೆ ಒಡೆದು ಒಳಗಿನಿಂದ ಮೆತ್ತನೆಯ ಹುಳು ಸಿಕ್ಕಿದರೆ ಅದು ಹಿಟ್ಟು ತಿಗಣೆ. ಎಲೆಯ ಕಂಕುಳು, ಗಿಣ್ಣುಗಳಲ್ಲಿ ಇವು ಅಡಗಿರುತ್ತವೆ. ಇರುವೆಗಳ ಓಡಾಟವಿರುವ ಗಿಡವನ್ನು ಮೊದಲು ಪರೀಕ್ಷಿಸಬೇಕು.

ಬೂದಿರೋಗಕ್ಕೂ ಮಲ್ಲಿಗೆಯ ರೋಮ ನುಸಿಗೂ ನೀರಿನಲ್ಲಿ ಬೆರೆಯುವ ಗಂಧಕವನ್ನು ಲೀಟರಿಗೆ 3 ಗ್ರಾಂನಂತೆ ಸಿಂಪಡಿಸಬಹುದು. ಉರಿಬಿಸಿಲಿನಲ್ಲಿ ಗಂಧಕ ಹೊಡೆದರೆ ಎಲೆ ಸುಡುತ್ತದೆ. ಬೇವಿನೆಣ್ಣೆ ಹೊಡೆದ ಮೇಲೆ ಎರಡು ವಾರಗಳವರೆಗೆ ಗಂಧಕ ಹೊಡೆಯಬಾರದು.

ಹಳದಿ ಬಣ್ಣ

ಎಲೆಯ ಮೇಲ್ಭಾಗದಲ್ಲಿ ಸೂಜಿಯಿಂದ ಚುಚ್ಚಿದಂತಹ ಅಸಂಖ್ಯ ಹಳದಿ ಚುಕ್ಕೆಗಳಿದ್ದು, ಎಲೆ ಕ್ರಮೇಣ ಕಂಚಿನ ಬಣ್ಣಕ್ಕೆ ತಿರುಗಿದರೆ ಎಲೆಯನ್ನು ತಿರುವಿ ನೋಡಬೇಕು. ಅಡಿಯಲ್ಲಿ ನವಿರಾದ ಬಲೆ ಇದ್ದು, ಕಾಗದಕ್ಕೆ ತಟ್ಟಿದಾಗ ಕೆಂಪು ಚುಕ್ಕೆಗಳಂತೆ ಬಿದ್ದು ನಿಧಾನವಾಗಿ ಹರಿದಾಡಿದರೆ ಅದು ಕೆಂಪು ಜೇಡನುಸಿ. ಥ್ರಿಪ್ಸ್ ಓಡುತ್ತದೆ, ನುಸಿ ಹರಿದಾಡುತ್ತದೆ. ಬೇಸಿಗೆಯಲ್ಲಿ ಒಂದು ವಾರ-ಹತ್ತು ದಿನಗಳಲ್ಲಿಯೇ ಇದರ ಒಂದು ತಲೆಮಾರು ಮುಗಿಯುವುದರಿಂದ ಫೆಬ್ರವರಿಯಿಂದ ಮೇವರೆಗೆ ಗುಲಾಬಿ, ಚೆಂಡುಹೂ, ಮಲ್ಲಿಗೆ ತೋಟಗಳನ್ನು ವಾರಕ್ಕೆರಡು ಬಾರಿ ನೋಡುವುದು ಒಳ್ಳೆಯದು. ಆರಂಭದಲ್ಲಿಯೇ ಕಂಡರೆ ಎಲೆಯ ಅಡಿಭಾಗಕ್ಕೆ ರಭಸವಾಗಿ ತಿಳಿನೀರು ಹೊಡೆಯುವುದರಿಂದಲೇ ಬಹಳಷ್ಟು ಕಡಿಮೆಯಾಗುತ್ತದೆ.

ಎಳೆಯ ಎಲೆಗಳು ಹಳದಿ ಅಥವಾ ಬಿಳುಪಾಗಿದ್ದು ನರಗಳು ಮಾತ್ರ ಹಸಿರಾಗಿ ಉಳಿದಿದ್ದರೆ ಅದು ರೋಗವೂ ಅಲ್ಲ, ಕೀಟವೂ ಅಲ್ಲ, ಕಬ್ಬಿಣದ ಕೊರತೆ. ಸುಣ್ಣದ ಅಂಶ ಹೆಚ್ಚಿರುವ ಮಣ್ಣಿನಲ್ಲಿ ಕನಕಾಂಬರ ಮತ್ತು ಮಲ್ಲಿಗೆಗೆ ಇದು ಹೆಚ್ಚಾಗಿ ಬರುತ್ತದೆ. ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿಯನ್ನು ಕರಗಿಸಿ, ಹೊಸದಾಗಿರುವಾಗಲೇ 15 ದಿನಗಳ ಅಂತರದಲ್ಲಿ ಎರಡು ಬಾರಿ ಸಿಂಪಡಿಸಿದರೆ ಎಲೆ ಹಸಿರಾಗುತ್ತದೆ. ಕೆಳಗಿನ ಹಳೆಯ ಎಲೆಗಳು ಮೊದಲು ಹಳದಿಯಾಗಿ ಚಿಗುರು ಹಸಿರಾಗಿಯೇ ಇದ್ದರೆ ಸಾರಜನಕದ ಕೊರತೆಯನ್ನು ಸಂಶಯಿಸಬೇಕು.

ಚುಕ್ಕೆಗಳು ಮತ್ತು ಕಪ್ಪು ಮಸಿ

ಗುಲಾಬಿ ಎಲೆಯ ಮೇಲೆ ದುಂಡಾದ ಕಪ್ಪು ಚುಕ್ಕೆಗಳು, ಚುಕ್ಕೆಯ ಅಂಚು ಕುಂಚದಂತೆ ಹರಡಿಕೊಂಡಿದ್ದು ಸುತ್ತಲೂ ಹಳದಿಯಾಗಿ ಎಲೆ ಉದುರಿದರೆ ಅದು ಕಪ್ಪುಚುಕ್ಕೆ ರೋಗ. ಈ ಶಿಲೀಂಧ್ರ ಎಲೆಯೊಳಗೆ ಇಳಿಯಬೇಕಾದರೆ ಎಲೆ ಸುಮಾರು 7 ಗಂಟೆಗಳ ಕಾಲವಾದರೂ ಒದ್ದೆಯಾಗಿರಬೇಕು. ಸಂಜೆ ಗಿಡದ ಮೇಲೆ ನೀರು ಹೊಯ್ದರೆ ರಾತ್ರಿಯಿಡೀ ಎಲೆ ಒದ್ದೆಯಾಗಿರುತ್ತದೆ. ನಾವೇ ರೋಗವನ್ನು ಕರೆದಂತಾಗುತ್ತದೆ. ನೀರನ್ನು ಬೆಳಿಗ್ಗೆ, ಬುಡಕ್ಕೆ ಮಾತ್ರ ಕೊಡಬೇಕು. ಉದುರಿದ ಎಲೆಗಳನ್ನು ಆರಿಸಿ ಸುಡಬೇಕು.

ಸೇವಂತಿಗೆಯಲ್ಲಿ ಚುಕ್ಕೆಗಳು ಕೆಳಗಿನ ಎಲೆಗಳಿಂದ ಆರಂಭವಾಗಿ ಒಂದಕ್ಕೊಂದು ಸೇರಿ ಎಲೆಯನ್ನೇ ಕಪ್ಪಾಗಿಸುತ್ತವೆ. ಒಣಗಿದ ಎಲೆಗಳು ಉದುರದೆ ಕಾಂಡಕ್ಕೆ ಜೋತುಬಿದ್ದಿರುವುದು ಇದರ ವಿಶೇಷ ಲಕ್ಷಣ. ಮಲ್ಲಿಗೆಯಲ್ಲಿ ಮಳೆಗಾಲದಲ್ಲಿ ಎಲೆಗಳ ಮೇಲೆ ಕೆಂಗಂದು ಚುಕ್ಕೆಗಳಾಗಿ ಎಲೆ ಮುದುರಿ ಒಣಗುವುದೂ ಶಿಲೀಂಧ್ರದಿಂದಲೇ. ಈ ಎಲೆಚುಕ್ಕೆಗಳಿಗೆ ರೋಗದ ಎಲೆ ತೆಗೆದ ನಂತರ ಶೇಕಡ 1ರ ಬೋರ್ಡೋ ದ್ರಾವಣವನ್ನೋ, ಲೀಟರಿಗೆ 3 ಗ್ರಾಂ ತಾಮ್ರದ ಆಕ್ಸಿಕ್ಲೋರೈಡನ್ನೋ ಸಿಂಪಡಿಸಬಹುದು. ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ ಮೈಲುತುತ್ತ 1 ಕಿಲೋ, ಸುಟ್ಟ ಸುಣ್ಣ 1 ಕಿಲೋ ಬೇಕು. ಎರಡನ್ನೂ ಬೇರೆ ಬೇರೆ ಕರಗಿಸಿ ಆಮೇಲೆ ಬೆರೆಸಬೇಕು. ಹೊಳೆಯುವ ಚಾಕುವನ್ನು ಒಂದು ನಿಮಿಷ ಅದ್ದಿ ತೆಗೆದಾಗ ತಾಮ್ರದ ಲೇಪ ಕಂಡರೆ ಇನ್ನೂ ಸುಣ್ಣ ಬೇಕೆಂದು ಅರ್ಥ.

ಎಲೆಯ ಮೇಲಿನ ಕಪ್ಪು ಮಸಿ ಒದ್ದೆ ಬಟ್ಟೆಯಿಂದ ಒರೆಸಿದಾಗ ಹೋಗಿ, ಕೆಳಗೆ ಹಸಿರು ಎಲೆ ಕಂಡರೆ ಅದು ಎಲೆಗೆ ಬಂದ ರೋಗವಲ್ಲ. ಮೇಲಿನ ಚಿಗುರಿನಲ್ಲಿ ಸಸ್ಯಹೇನು, ಬಿಳಿನೊಣ ಅಥವಾ ಹಿಟ್ಟು ತಿಗಣೆ ಕುಳಿತು ಸಿಹಿಯಾದ ಅಂಟು ಸುರಿಸಿದೆ. ಆ ಅಂಟಿನ ಮೇಲೆ ಮಸಿಬೂಷ್ಟು ಬೆಳೆದಿದೆ. ಸೇವಂತಿಗೆಯ ಚಿಗುರು ಮತ್ತು ಮೊಗ್ಗಿನ ತೊಟ್ಟುಗಳಲ್ಲಿ ಕಪ್ಪು ಹೇನು ಗುಂಪು ಕಟ್ಟಿರುವುದು ಸಾಮಾನ್ಯ. ಹೇನನ್ನು ಕಳೆದರೆ ಮಸಿ ತಾನಾಗಿ ಹೋಗುತ್ತದೆ. ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನೆಣ್ಣೆ, ಅದು ನೀರಿನಲ್ಲಿ ಬೆರೆಯಲು ಸ್ವಲ್ಪ ಸಾಬೂನು ಸೇರಿಸಿ ಚೆನ್ನಾಗಿ ಕಲಕಿ ಸಿಂಪಡಿಸಬೇಕು.

ಕತ್ತರಿಸಿದ ಎಲೆಗಳು

ಗುಲಾಬಿ ಎಲೆಯ ಅಂಚು ಕತ್ತರಿಯಿಂದ ಕತ್ತರಿಸಿದಂತೆ ನುಣುಪಾಗಿ, ಅರ್ಧಚಂದ್ರಾಕಾರವಾಗಿ ಹೋಗಿದ್ದರೆ ಯಾವ ಔಷಧಿಯನ್ನೂ ಹೊಡೆಯಬೇಡಿರಿ. ಅದು ಎಲೆ ಕತ್ತರಿಸುವ ಜೇನ್ನೊಣದ ಕೆಲಸ. ಅದು ಎಲೆಯನ್ನು ತಿನ್ನುವುದಿಲ್ಲ, ಗೂಡಿನ ಒಳಪದರಕ್ಕೆ ಒಯ್ಯುತ್ತದೆ. ಸುತ್ತಲಿನ ಬೆಳೆಗಳಲ್ಲಿ ಪರಾಗಸ್ಪರ್ಶ ಮಾಡುವ ಉಪಕಾರಿ ಅದು. ಗಿಡಕ್ಕೆ ಹೇಳಿಕೊಳ್ಳುವಂತಹ ಹಾನಿಯಿಲ್ಲ.

ಆದರೆ ಎಲೆಗಳು ಅಂಕುಡೊಂಕಾಗಿ, ಜಾಳಾಗಿ ತಿಂದಂತಿದ್ದು, ಹಗಲಿನಲ್ಲಿ ಏನೂ ಸಿಗದಿದ್ದರೆ ರಾತ್ರಿ ದೀಪ ಹಿಡಿದು ನೋಡಬೇಕು. ಮುಂಗಾರಿನ ಮೊದಲ ಮಳೆಗಳಾದ ಮೇಲೆ ಮುಸ್ಸಂಜೆಯಲ್ಲಿ ಮಣ್ಣಿನಿಂದ ಏಳುವ ಕಂದು ದುಂಬಿಗಳು ರಾತ್ರಿಯೆಲ್ಲ ತಿಂದು ಬೆಳಗಾಗುವುದರೊಳಗೆ ಮಣ್ಣು ಸೇರುತ್ತವೆ. ಗಿಡವನ್ನು ಅಲುಗಿಸಿ, ಬಿದ್ದವನ್ನು ಸೀಮೆಎಣ್ಣೆ ಬೆರೆಸಿದ ನೀರಿಗೆ ಹಾಕಿ ಕೊಲ್ಲಬಹುದು.

ಕಾಂಡ

ಗುಲಾಬಿಯ ಹಳೆಯ ಕಾಂಡದ ಮೇಲೆ ಕೆಂಗಂದು ಬಣ್ಣದ ದುಂಡು ಹುರುಪೆಗಳು ಒತ್ತಾಗಿ ಕಂಡರೆ ಉಗುರಿನಿಂದ ಕೆರೆದು ನೋಡಿರಿ. ಹುರುಪೆ ಸುಲಭವಾಗಿ ಕಳಚಿ ಕೆಳಗೆ ಮೆತ್ತನೆಯ ಜೀವಿ ಸಿಕ್ಕಿದರೆ ಅದು ಕೆಂಪು ಶಲ್ಕಕೀಟ. ಅದರ ಮೈಮೇಲಿನ ಮೇಣದ ಹೊದಿಕೆಯನ್ನು ದಾಟಿ ಔಷಧಿ ಒಳಗಿಳಿಯುವುದು ಕಷ್ಟ. ಹೆಚ್ಚು ಬಾಧೆಯಾದ ಕಾಂಡಗಳನ್ನು ಚಾಟನಿಯ ಸಮಯದಲ್ಲಿ ಕತ್ತರಿಸಿ ಸುಟ್ಟು, ಉಳಿದವನ್ನು ಸಾಬೂನು ನೀರಿನಲ್ಲಿ ಅದ್ದಿದ ಒರಟು ಬಟ್ಟೆಯಿಂದ ತಿಕ್ಕಬೇಕು.

ಚಾಟನಿ ಮಾಡಿದ ತುದಿಯಿಂದ ಕಾಂಡ ಕಪ್ಪಾಗುತ್ತಾ ಕೆಳಕ್ಕೆ ಇಳಿದರೆ ಅದು ತುದಿ ಒಣಗುವ ರೋಗ. ಕಪ್ಪಾದ ಭಾಗಕ್ಕಿಂತ 5 ಸೆಂಟಿಮೀಟರ್ ಕೆಳಗೆ, ಆರೋಗ್ಯವಾದ ಭಾಗದಲ್ಲಿ ಓರೆಯಾಗಿ ಕತ್ತರಿಸಿ ಗಾಯಕ್ಕೆ ಬೋರ್ಡೋ ಮುಲಾಮು ಹಚ್ಚಬೇಕು. ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವಾಗ ಕತ್ತರಿಯನ್ನು ಶುದ್ಧಗೊಳಿಸಬೇಕು.

ಬುಡ ಮತ್ತು ಬೇರು

ಸೊರಗಿದ ಗಿಡವನ್ನು ಕಂಡೊಡನೆ ನೀರು ಬಿಡುವುದು ವಾಡಿಕೆ. ಬೇರು ಕೊಳೆತ ಗಿಡಕ್ಕೆ ಇದರಿಂದ ಕೇಡೇ ಹೆಚ್ಚು. ಮಣ್ಣಿನಲ್ಲಿ ತೇವವಿದ್ದೂ ಗಿಡ ಬಾಡಿದರೆ ಒಂದು ಗಿಡವನ್ನು ಬುಡಸಹಿತ ಅಗೆದು ತೆಗೆದು, ಬೇರನ್ನು ತೊಳೆದು ಈ ಪರೀಕ್ಷೆಗಳನ್ನು ಮಾಡಬೇಕು.

ಬುಡದ ಸುತ್ತ ಬಿಳಿಯ ನೂಲಿನಂತಹ ಬೂಷ್ಟು, ಅದರಲ್ಲಿ ಸಾಸಿವೆ ಕಾಳಿನಂತಹ ಕಂದು ಗುಂಡುಗಳಿದ್ದರೆ ಅದು ಸ್ಕ್ಲೆರೋಷಿಯಂ ಬುಡಕೊಳೆ. ಈ ಗುಂಡುಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುವುದರಿಂದ ಗಿಡವನ್ನು ಸುತ್ತಲಿನ ಮಣ್ಣಿನೊಡನೆ ತೆಗೆದು ಹೊರಗೆ ಸುಡಬೇಕು.

ಕಾಂಡವನ್ನು ಉದ್ದಕ್ಕೆ ಸೀಳಿದಾಗ ಒಳಗೆ ಕಂದು ಗೆರೆಗಳಿದ್ದರೆ ಅದು ಫ್ಯುಸೇರಿಯಂ ಸೊರಗು ರೋಗವಿರಬಹುದು. ಚೀನಾ ಆಸ್ಟರಿನಲ್ಲಿ ಗಿಡದ ಒಂದು ಪಕ್ಕ ಮಾತ್ರ ಮೊದಲು ಹಳದಿಯಾಗಿ ಬಾಡುವುದು ಇದರ ಗುರುತು. ಅದೇ ಮಡಿಯಲ್ಲಿ ಮತ್ತೆ ಆಸ್ಟರ್ ಬೆಳೆಯಬಾರದು.

ಸೀಳಿದ ಕಾಂಡದ ತುಂಡನ್ನು ಲೋಟದ ತಿಳಿನೀರಿನಲ್ಲಿ ಅಲುಗಾಡದಂತೆ ತೂಗುಬಿಟ್ಟಾಗ ಕೆಲವೇ ನಿಮಿಷಗಳಲ್ಲಿ ಹಾಲಿನ ಎಳೆಯಂತಹ ದ್ರವ ಇಳಿದರೆ ಅದು ದುಂಡಾಣು ಸೊರಗು ರೋಗ. ಚೆಂಡುಹೂವಿನಲ್ಲಿ ಇದು ಕಂಡರೆ ಆ ತಾಕಿಗೆ ಟೊಮ್ಯಾಟೊ, ಬದನೆ, ಆಲೂಗಡ್ಡೆ, ಮೆಣಸಿನಕಾಯಿ ಹಾಕಬಾರದು; ಅವುಗಳಿಗೂ ಇದೇ ರೋಗ ಬರುತ್ತದೆ. ಯಾವ ಶಿಲೀಂಧ್ರನಾಶಕವೂ ಇದನ್ನು ಗುಣಪಡಿಸುವುದಿಲ್ಲ.

ಸುಗಂಧರಾಜ, ಕನಕಾಂಬರಗಳ ಬೇರಿನಲ್ಲಿ ತಿಕ್ಕಿದರೂ ಕಳಚದ ಗಂಟುಗಳಿದ್ದರೆ ಬೇರುಗಂಟು ಜಂತುಹುಳು. ಕನಕಾಂಬರದಲ್ಲಿ ಗಂಟಿಲ್ಲದೆ, ಬೇರಿನ ಮೇಲೆ ಕಂದುಗಪ್ಪು ಗಾಯಗಳಿದ್ದು, ಎಲೆ ಚಿಕ್ಕದಾಗಿ ನಸುಗೆಂಪು ಛಾಯೆಗೆ ತಿರುಗಿದ್ದರೆ ಬೇರು ಗಾಯದ ಜಂತುಹುಳು. ಆ ಗಾಯಗಳ ಮೂಲಕ ಸೊರಗು ರೋಗದ ಶಿಲೀಂಧ್ರವೂ ಒಳಹೊಕ್ಕು ತಾಕನ್ನು ಬರಿದು ಮಾಡುತ್ತದೆ. ಇಂತಹ ನೆಲದಲ್ಲಿ ಒಂದು ಹಂಗಾಮು ಚೆಂಡುಹೂ ಬೆಳೆಯುವುದು ಒಳ್ಳೆಯ ಉಪಾಯ. ಅದರ ಬೇರಿನಲ್ಲಿರುವ ವಸ್ತು ಜಂತುಹುಳುಗಳನ್ನು ತಗ್ಗಿಸುತ್ತದೆ. ಸುಗಂಧರಾಜದಲ್ಲಿ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಶೃಂಗಾರ್ ತಳಿ ಬೇರುಗಂಟು ಜಂತುಹುಳುವನ್ನು ತಡೆದುಕೊಳ್ಳುತ್ತದೆ.

ಶಿಲೀಂಧ್ರದಿಂದ ಬರುವ ಬೇರಿನ ರೋಗಗಳಿಗೆ ಮುನ್ನೆಚ್ಚರಿಕೆಯೇ ಮುಖ್ಯ ಮದ್ದು. ನೀರು ನಿಲ್ಲದಂತೆ ಬಸಿಗಾಲುವೆ ತೆಗೆದು, ಟ್ರೈಕೋಡರ್ಮಾವನ್ನು 1 ಕಿಲೋಗೆ 100 ಕಿಲೋ ಕೊಟ್ಟಿಗೆ ಗೊಬ್ಬರದಂತೆ ಬೆರೆಸಿ, ನೆರಳಿನಲ್ಲಿ ತೇವ ಆರದಂತೆ ಎರಡು ವಾರ ಇಟ್ಟು, ನಾಟಿಗೆ ಮೊದಲು ಮಣ್ಣಿಗೆ ಸೇರಿಸಬೇಕು.

ಗಿಡದ ಮೇಲಿರುವುದೆಲ್ಲ ಶತ್ರುವಲ್ಲ

ಹೇನಿನ ಗುಂಪಿನ ನಡುವೆ ಕೆಂಪು ಬೆನ್ನಿನ ಮೇಲೆ ಕಪ್ಪು ಚುಕ್ಕೆಗಳುಳ್ಳ ಗುಲಗಂಜಿ ಹುಳು ಕಂಡರೆ ಅದು ಹೇನನ್ನು ತಿನ್ನಲು ಬಂದದ್ದು. ಅದರ ಮರಿ ಮಾತ್ರ ತಾಯಿಯಂತಿರುವುದಿಲ್ಲ. ಉದ್ದವಾಗಿ, ಕಪ್ಪಾಗಿ, ಪುಟ್ಟ ಮೊಸಳೆಯಂತಿರುವ ಈ ಮರಿಯನ್ನು ಹೊಸ ಪೀಡೆಯೆಂದು ತಿಳಿದು ಹೊಸಕಿ ಹಾಕುವವರುಂಟು. ನೂಲಿನಂತಹ ತೊಟ್ಟಿನ ತುದಿಯಲ್ಲಿ ನಿಂತ ಬಿಳಿಯ ಮೊಟ್ಟೆಗಳು ಹಸಿರು ಜಾಲರೆಕ್ಕೆಯ ಕೀಟದವು. ಅದರ ಮರಿಗಳೂ ಹೇನು, ಥ್ರಿಪ್ಸ್, ನುಸಿಗಳನ್ನು ತಿನ್ನುತ್ತವೆ. ಇವು ಸಾಕಷ್ಟು ಕಂಡಲ್ಲಿ ಮೂರು-ನಾಲ್ಕು ದಿನ ಕಾದು ನೋಡಿ, ಆಮೇಲೆ ಸಿಂಪರಣೆಯ ವಿಚಾರ ಮಾಡಬೇಕು.

ಔಷಧಿ ಹಿಡಿಯುವ ಮುನ್ನ

ಹಳೆಯ ಕೈಪಿಡಿಗಳನ್ನು ನೋಡಿ ಔಷಧಿ ಕೊಳ್ಳುವವರು ಎಚ್ಚರಿಕೆಯಿಂದಿರಬೇಕು. ಅವುಗಳಲ್ಲಿ ಸಲಹೆ ಮಾಡಿದ ಹಲವು ಔಷಧಿಗಳು ಈಗ ನಿಷೇಧಗೊಂಡಿವೆ. ಬಿ.ಎಚ್.ಸಿ. ಪುಡಿ 1997ರಲ್ಲಿ, ಎಂಡೋಸಲ್ಫಾನ್ 2011ರಲ್ಲಿ, ಕಾರ್ಬರಿಲ್ ಮತ್ತು ಮೀಥೈಲ್ ಪ್ಯಾರಾಥಿಯಾನ್ 2018ರಲ್ಲಿ, ನುಸಿಗೆ ಬಳಸುತ್ತಿದ್ದ ಡೈಕೋಫಾಲ್ 2023ರಲ್ಲಿ ನಿಷೇಧವಾದವು. ಮನೆಯ ಅಟ್ಟದಲ್ಲಿ ಉಳಿದ ಡಬ್ಬಗಳಿದ್ದರೆ ಬಳಸಬಾರದು. ಕೆರೆ-ಬಾವಿಯ ಬಳಿ ಚೆಲ್ಲಲೂ ಬಾರದು.

ಬೇವು, ಗಂಧಕ, ತಾಮ್ರಗಳಿಂದ ಹತೋಟಿಗೆ ಬಾರದಿದ್ದಾಗ ಬೇರೆ ಔಷಧಿ ಬೇಕಾದರೆ, ಡಬ್ಬದ ಚೀಟಿಯಲ್ಲಿ ನಿಮ್ಮ ಬೆಳೆಯ ಹೆಸರೂ ಪೀಡೆಯ ಹೆಸರೂ ಇವೆಯೇ ಎಂದು ನೋಡಿ ಕೊಳ್ಳಬೇಕು. ಚೀಟಿಯ ಮೇಲಿನ ಬಣ್ಣದ ಗುರುತಿನಲ್ಲಿ ಕೆಂಪು ಅತಿ ಹೆಚ್ಚಿನ ವಿಷವನ್ನೂ, ಹಳದಿ, ನೀಲಿ, ಹಸಿರು ಕ್ರಮವಾಗಿ ಕಡಿಮೆಯಾಗುವ ವಿಷವನ್ನೂ ತೋರಿಸುತ್ತವೆ. ಅರಳಿದ ಹೂವನ್ನೂ ಬಲಿತ ಮೊಗ್ಗನ್ನೂ ಪೂರ್ತಿ ಬಿಡಿಸಿದ ಮೇಲೆ, ಜೇನ್ನೊಣಗಳ ಓಡಾಟ ನಿಂತ ಸಂಜೆಯ ಹೊತ್ತಿನಲ್ಲಿ ಸಿಂಪಡಿಸಬೇಕು. ಚೀಟಿಯಲ್ಲಿ ಹೇಳಿದ ಅವಧಿ ಮುಗಿಯುವವರೆಗೆ ಬಿಟ್ಟ ಹೂವನ್ನು ಮಾರುಕಟ್ಟೆಗಾಗಲಿ ಮನೆಗಾಗಲಿ ತರಬಾರದು. ಎರಡು ಔಷಧಿಗಳನ್ನು ಅಂದಾಜಿನಿಂದ ಬೆರೆಸುವುದು ಸಲ್ಲದು.

ಬೇವಿನ ಬೀಜದ ಕಷಾಯವನ್ನು ಮನೆಯಲ್ಲಿಯೇ ತಯಾರಿಸಬಹುದು. 5 ಕಿಲೋ ಬೇವಿನ ಬೀಜದ ತಿರುಳನ್ನು ಕುಟ್ಟಿ ಪುಡಿಮಾಡಿ, ಬಟ್ಟೆಯಲ್ಲಿ ಕಟ್ಟಿ ರಾತ್ರಿಯಿಡೀ ನೀರಿನಲ್ಲಿ ನೆನೆಸಿ, ಬೆಳಿಗ್ಗೆ ಹಿಂಡಿ ಸೋಸಿ, ಒಟ್ಟು 100 ಲೀಟರ್ ಮಾಡಿಕೊಂಡು ಸ್ವಲ್ಪ ಸಾಬೂನು ಸೇರಿಸಿ ಅಂದೇ ಸಂಜೆ ಬಳಸಬೇಕು.

ಒಂದೇ ನೋಟದಲ್ಲಿ

1. ಮಲ್ಲಿಗೆ ಮೊಗ್ಗು ನೇರಳೆ, ರಂಧ್ರವಿದೆ: ಮೊಗ್ಗು ಕೊರೆಯುವ ಹುಳು.
2. ಮೊಗ್ಗು ನೇರಳೆ, ಬುಡ ಊದಿದೆ, ರಂಧ್ರವಿಲ್ಲ: ಮೊಗ್ಗಿನ ನೊಣ.
3. ಬಿಳುಪು ಬೆರಳಿಗೆ ಅಂಟುತ್ತದೆ: ಬೂದಿರೋಗ. ಅಂಟುವುದಿಲ್ಲ: ಮಲ್ಲಿಗೆಯ ರೋಮ ನುಸಿ.
4. ಹಳದಿ ಚುಕ್ಕೆ, ಎಲೆಯಡಿ ಬಲೆ: ಕೆಂಪು ಜೇಡನುಸಿ.
5. ಎಳೆ ಎಲೆ ಹಳದಿ, ನರ ಹಸಿರು: ಕಬ್ಬಿಣದ ಕೊರತೆ.
6. ಕಪ್ಪು ಮಸಿ ಒರೆಸಿದರೆ ಹೋಗುತ್ತದೆ: ಹೇನು, ಬಿಳಿನೊಣ ಅಥವಾ ಹಿಟ್ಟು ತಿಗಣೆ.
7. ಅರ್ಧಚಂದ್ರಾಕಾರದ ನುಣುಪು ಕತ್ತರಿಕೆ: ಜೇನ್ನೊಣ, ಔಷಧಿ ಬೇಡ.
8. ಬುಡದಲ್ಲಿ ಸಾಸಿವೆಯಂತಹ ಗುಂಡು: ಬುಡಕೊಳೆ.
9. ನೀರಿನಲ್ಲಿ ಹಾಲಿನ ಎಳೆ: ದುಂಡಾಣು ಸೊರಗು.

ಇಷ್ಟು ನೋಡಿಯೂ ಗುರುತು ಸಿಗದಿದ್ದರೆ ಸಮೀಪದ ಕೃಷಿ ವಿಜ್ಞಾನ ಕೇಂದ್ರ ಅಥವಾ ತೋಟಗಾರಿಕೆ ಇಲಾಖೆಯ ಕಚೇರಿಗೆ ಮಾದರಿಯನ್ನು ಒಯ್ಯಬೇಕು. ಪೂರ್ತಿ ಸತ್ತ ಗಿಡದಿಂದ ಏನೂ ತಿಳಿಯುವುದಿಲ್ಲ. ಈಗ ತಾನೇ ಕೆಡಲು ಆರಂಭಿಸಿದ ಗಿಡವನ್ನು ಬೇರು ಮತ್ತು ಬುಡದ ಮಣ್ಣಿನೊಡನೆ ತರಬೇಕು. ಎಲೆ-ಮೊಗ್ಗುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ತುಂಬಿದರೆ ಬೆವತು ಕೊಳೆಯುತ್ತವೆ. ಒಣ ಕಾಗದದಲ್ಲಿ ಸುತ್ತಿ ತರಬೇಕು. ಜೊತೆಗೆ ಆರೋಗ್ಯವಾದ ಒಂದು ಎಲೆಯನ್ನೂ, ಈವರೆಗೆ ಸಿಂಪಡಿಸಿದ ಔಷಧಿಗಳ ಹೆಸರನ್ನೂ ತಂದರೆ ಪರೀಕ್ಷಿಸುವವರಿಗೆ ಅನುಕೂಲ. ವಿಸ್ತರಣಾ ಕಾರ್ಯಕರ್ತರು ಹಳ್ಳಿಗಳಿಗೆ ಹೋದಾಗ ಔಷಧಿಯ ಹೆಸರು ಹೇಳುವ ಮೊದಲು ರೈತರ ಕೈಗೆ ಭೂತಗನ್ನಡಿಯನ್ನು ಕೊಟ್ಟು, ಅವರೇ ಒಂದು ಮೊಗ್ಗನ್ನು ಸೀಳಿ ನೋಡುವಂತೆ ಮಾಡಬೇಕು. ಒಮ್ಮೆ ಕಣ್ಣಾರೆ ಕಂಡ ಹುಳುವನ್ನು ರೈತ ಮರೆಯುವುದಿಲ್ಲ. ಮುಂದಿನ ಹಂಗಾಮಿನಲ್ಲಿ ಅದನ್ನು ಗುರುತಿಸಲು ಅವನಿಗೆ ಇನ್ನೊಬ್ಬರ ನೆರವೂ ಬೇಕಾಗುವುದಿಲ್ಲ.